ನಾಯಕಿಗೆ ಕಟ್ಟಿದ ಬುತ್ತಿ

ಮುದ್ದೇಬಿಹಾಳದಲ್ಲಿ ತಂಬು ಹಾಕಿದ್ದ ನಾಟಕ ಕಂಪನಿಯ ಆಟ ನೋಡಿ ಗುರಲಿಂಗಪ್ಪ ಅತ್ತದ್ದು ಓಣಿಗೆಲ್ಲ ಸುದ್ದಿಯಾಗಿತ್ತು. ನಾಟಕದ ಬಡ ಹೆಂಡತಿ ನಡುನೋವಿನಲ್ಲೇ ನೀರು ಹೊತ್ತು, ರೊಟ್ಟಿ ಬಡಿದು, ಕಡೆಗೆ ತನಗೊಂದು ಚೂರೂ ಸಿಗದೆ ಒಲೆಯ ಮುಂದೆಯೇ ಕಣ್ಣು ಮುಚ್ಚಿದಾಗ ಇವನ ಅಳು ಹಾರ್ಮೋನಿಯಮ್ ಪೇಟಿಯನ್ನೂ ಮೀರಿಸಿತ್ತು.

ಬೆಳಗಾದರೂ ಎದೆ ಹಗುರಾಗಲಿಲ್ಲ.

"ಇಂದ್ರಾ, ನಾಕು ರೊಟ್ಟಿ ಜಾಸ್ತಿ ಬಡಿ. ಆ ತಾಯಿಗೆ ಕೊಟ್ಟು ಬರ್ತೇನಿ. ಪಾಪ, ಏನು ನಡಾ ನೋವು ಆಕೀದು."

ಹೆಂಡತಿ ಇಂದ್ರಾಬಾಯಿ ಒಂದು ಕೈ ಒಲೆಗೆ, ಒಂದು ಕೈ ತನ್ನ ನಡುವಿಗೆ ಕೊಟ್ಟು ಕೂತಿದ್ದಳು. "ನನ್ನ ನಡಕ್ಕೂ ಒಬ್ಬ ಪೇಟಿ ಬಾರಿಸಾವನ್ನ ಇಡ್ರಿ. ಆವಾಗರ ನಿಮಗ ಕಂಡೀತು," ಎಂದಳು. ಆದರೂ ಬಡಿದಳು. ಮನೆಯಲ್ಲಿ ಗ್ಯಾಸಿತ್ತು, ರೊಟ್ಟಿ ಮಾತ್ರ ಕಟ್ಟಿಗೆ ಒಲೆಯದೇ ಆಗಬೇಕೆಂಬುದು ಗುರಲಿಂಗಪ್ಪನ ಹಟ.

ಬುತ್ತಿ ಹಿಡಿದು ತಂಬಿನ ಹಿಂದೆ ಹೋದರೆ, ನಿನ್ನೆ ಸತ್ತ ನಾಯಕಿ ಹೊರಸಿನ ಮೇಲೆ ಕಾಲು ಚಾಚಿ ಮೊಬೈಲ್ ನೋಡುತ್ತಿದ್ದಳು. ನಾಟಕದಲ್ಲಿ ಅವಳನ್ನು ಒದ್ದಿದ್ದ ಕ್ರೂರ ಗಂಡ ಬೆವರು ಸುರಿಸುತ್ತ ರೊಟ್ಟಿ ಬಡಿಯುತ್ತಿದ್ದ. ನಿಜದಲ್ಲೂ ಅವರು ಗಂಡ-ಹೆಂಡತಿ.

"ದಿನಾ ಸಂಜಿಕೆ ಒದಿತೇನ್ರಿ," ಎಂದ ಅವನು ನಾಚಿಕೊಂಡು. "ಹಗಲೊತ್ತು ಇಷ್ಟರ ಮಾಡಬೇಕಲ್ರಿ."

ನಾಯಕಿ ಒಂದು ತುತ್ತು ತಿಂದಳು. "ಅಣ್ಣಾರ, ಹಾಳಿ ಹಂಗ ತೆಳ್ಳಗ ಅದಾವು ರೊಟ್ಟಿ. ಬಡದಾಕೀನ ಯಾಕ ನಾಟಕಕ್ಕ ಕರಕೊಂಡು ಬರಲಿಲ್ಲ?"

"ಆಕೀಗೆ ನಡಾ ನೋವ್ರಿ," ಎಂದ ಗುರಲಿಂಗಪ್ಪ. ಬುತ್ತಿಯ ಅರಿವೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ.

ಮನೆಗೆ ಬಂದವನು ಹೆಂಡತಿಯ ಕೈಯಿಂದ ಕೊಡ ಕಸಿದುಕೊಂಡು, ಅವಳನ್ನು ಹೊರಸಿನ ಮೇಲೆ ಮಲಗಿಸಿದ. "ಸಂಜಿ ರೊಟ್ಟಿ ನಂದು."

ಒಲೆಯಲ್ಲಿ ಬೆಂಕಿಗಿಂತ ಹೊಗೆಯೇ ಹೆಚ್ಚು. ಮೊದಲ ರೊಟ್ಟಿ ಹೆಂಚಿಗೆ ಹೋಗುವ ದಾರಿಯಲ್ಲೇ ಎರಡಾಯಿತು. ಎರಡನೆಯದು ಎಮ್ಮೆ ತುಳಿದ ಕುಳ್ಳಿನಂತೆ ಕೂತಿತು. ಗುರಲಿಂಗಪ್ಪನ ಕಣ್ಣು, ಮೂಗು ಎರಡೂ ಸುರಿಯತೊಡಗಿದವು.

ಪಕ್ಕದ ಮನೆಯ ಖಾತುನಬಿ ಹಣಿಕಿ ಹಾಕಿದಳು. ಹೊರಸಿನ ಮೇಲೆ ಹೆಂಡತಿ, ಒಲೆಯ ಮುಂದೆ ಅಳುವ ಗಂಡ.

"ಯಾ ಅಲ್ಲಾ, ನಾಟಕದಾಗ ಅಷ್ಟ್ಯಾಕ ಅತ್ತ ಅಂತ ಈಗ ತಿಳೀತು. ಇವನ ಮನಿಯಾಗ ಅದಾ ಐತಿ."

ಸುದ್ದಿ ಕೇಳಿ ಎದುರು ಮನೆಯ ಚನ್ನಬಸಯ್ಯ ಬಂದ. "ಅಳಬ್ಯಾಡೋ ತಮ್ಮಾ, ನಾವು ಅದೀವಿ."

"ಅಳಾಕತ್ತಿಲ್ರಿ, ಹೊಗೀ..." ಎನ್ನುವುದರೊಳಗೆ ಕೆಮ್ಮು ಬಂತು. ಚನ್ನಬಸಯ್ಯನಿಗೆ ಅದು ಬಿಕ್ಕಳಿಸಿದಂತೆ ಕಂಡಿತು. ಕಣ್ಣೊರೆಸಿಕೊಂಡು ಮನೆಗೆ ಓಡಿ ಹೆಂಡತಿಗೆ ಹೇಳಿದ: "ನಾಕು ರೊಟ್ಟಿ ಜಾಸ್ತಿ ಬಡಿ. ಆ ಮನಶ್ಯಾಗ ಕೊಟ್ಟು ಬರ್ತೇನಿ."

ದೀಪ ಹಚ್ಚುವ ಹೊತ್ತಿಗೆ ಮನೆಮನೆಯ ರೊಟ್ಟಿ, ಬದನಿಕಾಯಿ ಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು ಎಲ್ಲ ಬೀಗರಂತೆ ಬಂದು ಪಡಸಾಲೆಯಲ್ಲಿ ಕೂತಿದ್ದವು.

ಇಂದ್ರಾಬಾಯಿ ಹೊರಸಿನ ಮೇಲೆಯೇ ಉಂಡಳು. ಅವಳ ಕಣ್ಣು ತುಂಬಿದವು. "ಮದಿವ್ಯಾಗಿ ಬಂದಮ್ಯಾಲ ಕುಂತಲ್ಲೇ ಬಿಸಿ ರೊಟ್ಟಿ ಉಂಡಿದ್ದಿಲ್ರಿ. ಭಾಳ ಉಪಕಾರ ಆತು, ನಿಮ್ದೂ, ಓಣಿ ಮಂದೀದೂ."

ಗುರಲಿಂಗಪ್ಪನಿಗೆ ಈ ಸಲ ನಿಜವಾಗಿಯೇ ಅಳು ಬಂತು. "ನಿನಗ ಸಮಾಧಾನ ಆತಲ್ಲ, ಸಾಕು. ನಾಳಿಂದ ಗ್ಯಾಸಿನ ಮ್ಯಾಲ..."

"ಗ್ಯಾಸ್ ಬ್ಯಾಡ್ರಿ," ಎಂದಳು ಇಂದ್ರಾಬಾಯಿ, ಮೊಸರು ಕಲಸುತ್ತ. "ಹೊಗಿ ಇಲ್ಲಂದ್ರ ಕಣ್ಣಾಗ ನೀರು ಬರೂದಿಲ್ಲ. ನೀರು ಬರಲಿಲ್ಲ ಅಂದ್ರ ರೊಟ್ಟಿ ಬರೂದಿಲ್ಲ. ನಾಳೆ ಸಂಜಿಕೂ ಒಲಿ ಮುಂದ ಕುಂದರ್ರಿ. ಖಾತುನಬಿ ತನ್ನ ತಂಗೀನೂ ಕರಕೊಂಡು ಬರ್ತಾಳಂತ, ನೋಡಾಕ."