ಒಂದೇ ಮೀನಿನ ಪ್ರಮಾಣಪತ್ರ

ಆ ಬೆಳಿಗ್ಗೆ ಮೋಡ ಕವಿದಿತ್ತು. ಗಾಳಿ ಉಸಿರು ಬಿಗಿಹಿಡಿದು ಕೂತಿತ್ತು. ಅಂಥ ಮಬ್ಬಿನಲ್ಲೂ ದರ್ಜಿಯ ಅಂಗಡಿಯ ಮೂಲೆಯಲ್ಲಿ ಒಂದು ಮೀನು ಕೆಂಡದ ಚೂರಿನಂತೆ ಹೊಳೆಯುತ್ತಿತ್ತು. ಯಾವುದೋ ಪ್ರಯೋಗಶಾಲೆಯವರು ಹವಳದ ಬಣ್ಣವನ್ನು ಅದರ ಹುಟ್ಟಿನೊಳಗೇ ಸೇರಿಸಿ ಮಾಡಿದ ಮೀನು. ಹೆಂಡತಿ ತೀರಿಕೊಂಡ ಮೇಲೆ ದರ್ಜಿಯ ಮಾತಿಗೆ ಉಳಿದಿದ್ದ ಜೀವ ಅದೊಂದೇ.

ಎದುರಂಗಡಿಯ ಕ್ಷೌರಿಕ ಪತ್ರಿಕೆ ಹಿಡಿದು ಓಡಿಬಂದ. "ಮಾಸ್ತರೇ, ಕೆಟ್ಟಿತು ಕೆಲಸ! ಇಂಥ ಮೀನಿಗೆ ಪರವಾನಗಿ ಬೇಕಂತೆ, ಇವತ್ತೇ ಕಡೇ ದಿನ. ಸುಮ್ನೆ ಕೆರೆಗೆ ಬಿಟ್ಟು ಕೈ ತೊಳ್ಕೊಳ್ಳಿ."

"ಕೆರೆ ಮೀನಿನ ಸಂತತಿಗೆಲ್ಲ ಇದರ ಬಣ್ಣ ಹತ್ತಿದ್ರೆ? ದೇವರು ಹೊಲಿದ ಬಟ್ಟೆಗೆ ನಾನು ತೇಪೆ ಹಾಕಿದ ಹಾಗಾಗುತ್ತೆ."

"ಹಾಗಾದ್ರೆ ಮುಗಿಸಿಬಿಡಿ."

"ಬಣ್ಣ ಮನುಷ್ಯನದಿರಬಹುದು, ಜೀವ ಆ ದೇವರದು ಕಣಯ್ಯ."

ಮಹಡಿ ಮನೆಯ ಟೀಚರಮ್ಮ ಮೇಲಿನಿಂದಲೇ ತೀರ್ಪು ಕೊಟ್ಟರು. "ಹೋಗಿ ನಿಜ ಬರೆದುಕೊಡಿ ಅಣ್ಣಾ. ಪಾಪ, ಸಾಧು ಮೀನು. ಹೋದ ವರ್ಷ ನೀವು ತಂಗಿ ಮನೇಲಿದ್ದಾಗ ನನ್ನ ಮೀನುಗಳ ಜೊತೆ ಎಷ್ಟು ಹೊಂದಿಕೊಂಡಿತ್ತು!"

ದರ್ಜಿ ಮೀನನ್ನು ಗಾಜಿನ ಭರಣಿಗೆ ಹಾಕಿ, ಮೇಲೆ ರವಿಕೆ ತುಂಡು ಹೊದಿಸಿ ಬಸ್ಸು ಹತ್ತಿದ. ಬಸ್ಸು ಕುಲುಕಿ, ಅರ್ಧ ನೀರು ಮಡಿಲಿಗೆ ಬಿತ್ತು. ಪಕ್ಕದವರು ಒದ್ದೆ ಪ್ಯಾಂಟು ನೋಡಿ, ವಯಸ್ಸು ನೋಡಿ, ಕನಿಕರದಿಂದ ಆಚೆ ಸರಿದರು.

"ಮೀನಿನ ಉದ್ದ?" ಎಂದ ಕಚೇರಿಯ ಗುಮಾಸ್ತ.

ದರ್ಜಿ ಕೊರಳ ಟೇಪನ್ನು ಭರಣಿಗೆ ಒತ್ತಿ ಹಿಡಿದ. "ಒಂದೂಕಾಲು ಇಂಚು. ಸೊಂಟದ ಅಳತೆ ಬೇಕಾ?"

"ಬೇಡ. ಎಷ್ಟಿವೆ? ಒಂದು ಹೆಚ್ಚು ಸಿಕ್ಕಿದ್ರೂ ಎಲ್ಲಾ ಜಪ್ತಿ, ಅಂಗಡಿಗೂ ಬೀಗ."

"ಒಂದೇ" ಎಂದು ಬರೆದ ದರ್ಜಿ, ಒಳಹೊಲಿಗೆಗೆ ಬಟ್ಟೆ ಹೆಚ್ಚು ಬಿಟ್ಟು ಅಭ್ಯಾಸವಾದ ಕೈಯಿಂದ ಇನ್ನೊಂದು ಸಾಲು ಸೇರಿಸಿದ: 'ದೇವರಾಣೆಗೂ ಇದರ ಸಂತತಿ ಎಲ್ಲೂ ಇಲ್ಲ.' ಮುದ್ರೆ ಬಿತ್ತು.

ಸಂಜೆ ಪರವಾನಗಿಯನ್ನು ಮೀನಿನ ತೊಟ್ಟಿಯ ಮೇಲಿನ ಗೋಡೆಗೆ ಅಂಟಿಸಿ ದರ್ಜಿ ಕೈಮುಗಿದ. ಅಷ್ಟರಲ್ಲಿ ಟೀಚರಮ್ಮ ತಟ್ಟೆ ಮುಚ್ಚಿದ ಬಕೆಟ್ಟು ಹಿಡಿದು, ಮೆಟ್ಟಿಲಿಗೂ ಕೇಳದಂತೆ ಇಳಿದುಬಂದರು.

"ನಿಮ್ಮದು ನಮ್ಮನೇಲಿದ್ದಾಗ ಮರಿ ಹಾಕಿತ್ತು. ಮುದ್ದಾಗಿವೆ ಅಂತ ಹೇಳದೆ ಇಟ್ಕೊಂಡಿದ್ದೆ. ಇವತ್ತು ನಿಮ್ಮ ಸತ್ಯ ನೋಡಿ ಮನಸ್ಸು ತಡೀಲಿಲ್ಲ ಅಣ್ಣಾ. ಪರರ ಸೊತ್ತು ನಮಗ್ಯಾಕೆ?"

ತಟ್ಟೆ ಸರಿಸಿದರು. ನಲವತ್ತಕ್ಕೂ ಮಿಕ್ಕಿದ ಕೆಂಡದ ಚೂರುಗಳು ದರ್ಜಿಯ ಮುಖವನ್ನೂ ಗೋಡೆಯ ಪರವಾನಗಿಯನ್ನೂ ಕೆಂಪಗೆ ಬೆಳಗಿದವು.

"ಬಕೆಟ್ಟು ನಿಧಾನಕ್ಕೆ ವಾಪಸ್ ಕೊಡಿ" ಎಂದು ಟೀಚರಮ್ಮ ಹಗುರಾಗಿ ಮೆಟ್ಟಿಲೇರಿದರು.