ನಾಲ್ಕನೇ ರೀಲಿನ ಕಾಗೆ

ಹೊಲಿಗೆಯಮ್ಮ ತನ್ನ ಬೀಗರನ್ನು ಮೊದಲ ಸಲ ನೋಡಿದ್ದು ಮಗಳ ಮದುವೆ ಮಾತಿನ ದಿನ. ಬೀಗರು ಮಾತ್ರ ಅವಳನ್ನು ನೋಡಲೇ ಇಲ್ಲ! ಕುರ್ಚಿಯಲ್ಲಿ ಕೂತಷ್ಟು ಹೊತ್ತೂ ಅವರ ಕಣ್ಣು ಅವಳ ತಲೆಯ ಪಕ್ಕಕ್ಕೆ, ಒಂದು ಗೇಣು ಮೇಲಕ್ಕೆ, ಗೋಡೆಯ ಮೂಲೆಯಲ್ಲಿ ನೆಟ್ಟಿತ್ತು. ಅಲ್ಲಿ ಜೇಡರ ಬಲೆ ಇರಬೇಕೆಂದು ಅವಳ ಮಾನವೆಲ್ಲ ಹೋಯಿತು. ಅವರು ಆಚೆ ಹೋದದ್ದೇ ತಡ, ಸ್ಟೂಲು ಹತ್ತಿ ಪೊರಕೆ ಆಡಿಸಿದಳು. ಬಲೆಯೂ ಇಲ್ಲ, ಜೇಡವೂ ಇಲ್ಲ.

"ಬೇಜಾರು ಮಾಡ್ಕೋಬೇಡಮ್ಮ, ಅದು ಅವರ ಕೆಲಸದ ಅಭ್ಯಾಸ" ಎಂದಳು ಮಗಳು.

ಬೀಗರು ಚಿತ್ರಮಂದಿರದಲ್ಲಿ ರೀಲು ಓಡಿಸುವವರು. ಆಗೆಲ್ಲ ಒಂದು ಚಿತ್ರ ಹಲವು ರೀಲುಗಳಲ್ಲಿ ಬರುತ್ತಿತ್ತು. ಒಂದು ಮುಗಿಯುವಾಗ ತೆರೆಯ ಬಲಮೇಲಿನ ಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ ಕಣ್ಣು ಹೊಡೆದು ಮಾಯವಾಗುತ್ತದೆ. ಅದನ್ನು ಕಂಡ ತಕ್ಷಣ ಎರಡನೇ ಯಂತ್ರ ಶುರು ಮಾಡಬೇಕು. ತಪ್ಪಿದರೆ ತೆರೆ ಬೆಳ್ಳಗಾಗುತ್ತದೆ, ಜನ ಶಿಳ್ಳೆ ಹಾಕುತ್ತಾರೆ, ಮಾಲೀಕ ಮೂರು ತಲೆಮಾರನ್ನೂ ಜಾಲಾಡುತ್ತಾನೆ. ಹೀಗಾಗಿ ಬೀಗರು ನೂರಾರು ಚಿತ್ರ ನೋಡಿದ್ದರು, ಬರೀ ಬಲಮೂಲೆ! ಯಾವ ನಾಯಕ ಹೇಗೆ ನಟಿಸಿದ ಎಂದು ಕೇಳಿದರೆ, "ಅವನ ಟೋಪಿ ಚೆನ್ನಾಗಿತ್ತು" ಎನ್ನುತ್ತಿದ್ದರು.

ಕಾಲ ಸರಿಯಿತು. ಆ ಕಡೆ ಬೀಗರ ಹೆಂಡತಿ ಹೋದಳು, ಈ ಕಡೆ ಹೊಲಿಗೆಯಮ್ಮನ ಗಂಡ ಹೋದ. ಇಬ್ಬರೂ ಮಗಳು-ಅಳಿಯನ ಮನೆ ಸೇರಿದರು. ಎರಡು ಕೋಣೆ, ಒಂದು ಸೋಫಾ, ಒಂದು ಟಿವಿ. ಅಷ್ಟರಲ್ಲಿ ಬೀಗರ ಕಣ್ಣು ಕೈಕೊಟ್ಟಿತು. ಕಿವಿಯನ್ನು ಯಂತ್ರದ ಸದ್ದು ಮೊದಲೇ ತಿಂದು ಮುಗಿಸಿತ್ತು.

"ನೋಟದ ನಡುಭಾಗ ಪೂರ್ತಿ ಹೋಗಿದೆ, ಅಂಚು ಮಾತ್ರ ಉಳಿಯುತ್ತೆ. ಯಾರನ್ನಾದರೂ ನೋಡ್ಬೇಕಂದ್ರೆ ಅವರ ಪಕ್ಕಕ್ಕೆ ನೋಡಿ" ಎಂದರು ಕಣ್ಣಿನ ಡಾಕ್ಟರು.

"ಅಷ್ಟು ಸಾಕು ಬಿಡಿ. ನಡುಭಾಗ ನಾನು ಯಾವತ್ತೂ ನೋಡಿದವನಲ್ಲ" ಎಂದರು ಬೀಗರು.

ಆ ಮಾತು ಹೊಲಿಗೆಯಮ್ಮನ ಕರುಳಿಗೆ ಚುಚ್ಚಿತು. ಎದೆಯುಬ್ಬಿಸಿ ಘೋಷಿಸಿದಳು: "ಬೀಗರೇ, ಇವತ್ತಿಂದ ನಿಮ್ಮ ನಡುಗಣ್ಣು ನಾನು! ಪ್ರತಿ ಚಿತ್ರಾನೂ ಒಂದು ಹೊಲಿಗೆ ಬಿಡದ ಹಾಗೆ ಹೇಳ್ತೀನಿ!"

ಹೇಳಿದಳು ಕೂಡ. ಹೇಳುವುದೇನು ಬಂತು, ಕೂಗಿದಳು.

"ನಾಯಕ ಇಪ್ಪತ್ತು ಜನರನ್ನ ಕೆಸರಲ್ಲಿ ಕೆಡವಿ ಹೊಡೆದ! ಎದ್ದು ನಿಂತರೆ ಅಂಗಿಗೆ ಇಸ್ತ್ರಿ ಹಾಗೇ ಇದೆ! ಬಹುಮಾನ ಅವನಿಗಲ್ಲ, ಇಸ್ತ್ರಿಯವನಿಗೆ ಕೊಡ್ಬೇಕು!"

"ದೆವ್ವದ ಚಿತ್ರ ಹೇಗಿತ್ತು?"

"ದೆವ್ವಾನಾ ಅದು? ಬಿಳಿ ನಿಲುವಂಗಿ, ಕೆಳಗೆ ಎರಡು ಬೆರಳು ಮಡಿಕೆ ಹೊಲಿಗೆ! ಸತ್ತ ಮೇಲೂ ದರ್ಜಿಗೆ ಅಳತೆ ಕೊಟ್ಟು ಬಂದಿದ್ದಾಳೆ!"

"ಅಣ್ಣತಮ್ಮ ಚಿಕ್ಕಂದಿನಲ್ಲಿ ಬೇರೆಯಾಗ್ತಾರಲ್ಲ, ಅದು?"

"ತಾಯಿ ಮಚ್ಚೆ ನೋಡಿ ಮಗನ್ನ ಗುರುತಿಸಿದಳಂತೆ! ನಾನಾಗಿದ್ರೆ ಗುಂಡಿ ಹಾಕಿದ ದಾರ ನೋಡೇ ಹಿಡೀತಿದ್ದೆ!"

ಮೇಲಿನ ಮನೆಯ ವೈರಿಂಗ್ ಕೆಲಸದವನು ನೆಲ ಗುದ್ದಿ ಕೂಗುತ್ತಿದ್ದ: "ಅಮ್ಮಾ, ಕೊನೆ ಹೇಳ್ಬೇಡಿ! ನಾನಿನ್ನೂ ನೋಡಿಲ್ಲ!"

ಅವನು ಹೆದರಬೇಕಿರಲಿಲ್ಲ. ಹೊಲಿಗೆಯಮ್ಮನೂ ಕೊನೆ ನೋಡಿರುತ್ತಿರಲಿಲ್ಲ! ಮಧ್ಯಾಹ್ನದ ಊಟ ಇಳಿದು ಬೆನ್ನು ಸೋಫಾಕ್ಕೆ ತಗುಲಿದರೆ ಸಾಕು, ಅವಳ ಕಣ್ಣಿನ ಅಂಗಡಿ ಬಂದ್. ಎದ್ದ ಮೇಲೆ ಹರಿದ ಜಾಗಕ್ಕೆ ಹೊಂದುವ ಬಟ್ಟೆ ಹುಡುಕಿ ತೇಪೆ ಹಾಕುತ್ತಿದ್ದಳು. ತೇಪೆಯೆಂದು ಕೂದಲೆಳೆಯಷ್ಟೂ ಗೊತ್ತಾಗುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಬೀಗರು ತಿಂಡಿ ಮುಟ್ಟದೆ ಕೂತರು. ಯಾವುದೋ ಕಾಲದ ಒಂದು ಹಳೆಯ ಚಿತ್ರ ಅಂದು ಮಧ್ಯಾಹ್ನ ಟಿವಿಯಲ್ಲಿ ಬರುವುದಿತ್ತು.

"ಬೀಗಿತ್ತೀ, ಇದೊಂದನ್ನ ಸರಿಯಾಗಿ ನೋಡಿ. ಇದು ನಮ್ಮ ಮಂದಿರದಲ್ಲಿ ಓಡಿದಷ್ಟು ವಾರವೂ ನನ್ನವಳು ಬಂದು, ನನ್ನ ಕಿಂಡಿಯ ಕೆಳಗೇ, ಕಡೇ ಸಾಲಲ್ಲಿ ಕೂತಳು. ನಾಲ್ಕನೇ ರೀಲು ಮುಗಿಯೋ ಹೊತ್ತಿಗೆ ಪ್ರತಿ ಸಲ ಅಳೋಳು. ಭುಜ ಅಲ್ಲಾಡೋದು, ಕಣ್ಣೊರೆಸಿಕೊಳ್ಳೋಳು. ಆಮೇಲೆ ಎದ್ದು ಮನೆಗೆ ಹೋಗೋಳು. ಯಾಕಂತ ಕೇಳಿದ್ರೆ, 'ನೋಡಿದ್ರೆ ಗೊತ್ತಾಗುತ್ತೆ' ಅಂದಳು. ನಾನು ತೆರೆ ಮೇಲೆ ಚುಕ್ಕೆ ಬಿಟ್ಟು ಬೇರೇನೂ ನೋಡಲಿಲ್ಲ. ಚಿತ್ರ ಹೋಯ್ತು. ಅವಳೂ ಹೋದಳು."

"ಆ ಜಾಗ ನನಗೆ ಹೇಗೆ ತಿಳೀಬೇಕು?"

"ಬಲಮೇಲೆ ಹೆಂಚಿನ ತುದಿ, ಅದರ ಮೇಲೊಂದು ಕಾಗೆ. ಕಾಗೆ ಬಂದ ತಕ್ಷಣ ನಡುವೆ ನೋಡಿ."

"ಕಾಗೆಯಲ್ಲ, ಅದರ ಪುಕ್ಕ ಎಣಿಸಿ ಹೇಳ್ತೀನಿ!" ಎಂದಳು ಹೊಲಿಗೆಯಮ್ಮ.

ಮಧ್ಯಾಹ್ನ ಮುಖಕ್ಕೆ ತಣ್ಣೀರು ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು. ಮೊದಲ ಹಾಡಿಗೆ ತೂಕಡಿಕೆ. ಎರಡನೇ ಹಾಡಿಗೆ ಗೊರಕೆ! ಕಿವುಡು ಬೀಗರಿಗೆ ಅದು ಕೇಳಿಸಲಿಲ್ಲ. "ಕಾಗೆ ಬಂತು! ನೋಡಿ, ನೋಡಿ!" ಎಂದು ಅವರು ಮೊಣಕೈಯಿಂದ ತಿವಿದಾಗ ಅವಳು ಕಣ್ಣುಬಿಟ್ಟಳು. ಅಷ್ಟರಲ್ಲಿ ಟಿವಿಯಲ್ಲಿ ಸಾಬೂನಿನ ಜಾಹೀರಾತು ಕುಣಿಯುತ್ತಿತ್ತು.

"ಏನು ನೋಡಿದಿರಿ?"

ನಿದ್ದೆಯೆಂದು ಹೇಳಲು ನಾಲಿಗೆ ಏಳಲಿಲ್ಲ. ಹೆಂಗಸರು ಅಳುವ ಚಿತ್ರವೆಂದರೆ ಅದರಲ್ಲಿ ಒಬ್ಬ ಗಂಡ ಇರಲೇಬೇಕು ತಾನೇ! ಅಷ್ಟು ಬಟ್ಟೆ ಸಾಕು, ತೇಪೆ ಕತ್ತರಿಸಿದಳು.

"ಒಬ್ಬಳು ಊಟ ಬಡಿಸಿಟ್ಟು ಕಿಟಕಿ ಹತ್ತಿರ ಕಾಯ್ತಾಳೆ ಬೀಗರೇ. ಗಂಡ ಕೆಲಸ ಬಿಟ್ಟು ಬರಲ್ಲ. ಬಂದ್ರೂ ಅವಳ ಮುಖ ನೋಡಲ್ಲ."

ಬೀಗರು ಕೈಯಲ್ಲಿ ತಡವಿ ಟಿವಿ ಆರಿಸಿದರು. ಆಮೇಲೆ, "ಹಾಗಾದ್ರೆ ನನ್ನ ಬಗ್ಗೇನೇ ಅತ್ತಿದ್ದಾಳೆ" ಎಂದರು. ಎದ್ದು, ಗೋಡೆ ತಡವಿಕೊಂಡು ಒಳಗೆ ಹೋದರು.

ಅಂದಿನಿಂದ ಟಿವಿ ಬೇಡ, ಮಾತು ಬೇಡ. ಅನ್ನ ಎರಡು ತುತ್ತು. ಕುರ್ಚಿ ಗೋಡೆ ಕಡೆಗೆ. ಹೊಲಿಗೆಯಮ್ಮ ತೇಪೆಯ ಮೇಲೆ ಇನ್ನೊಂದು ತೇಪೆ ಹಾಕಲು ಹೊರಟಳು.

"ಬೀಗರೇ, ಒಂದು ಮರೆತಿದ್ದೆ! ಐದನೇ ರೀಲಲ್ಲಿ ಆ ಗಂಡ ಓಡೋಡಿ ಬಂದು, ತಪ್ಪಾಯ್ತು ಅಂತ ಅವಳ ಕೈ ಹಿಡ್ಕೊಂಡ!"

"ಐದನೇ ರೀಲಿಗೆ ಅವಳು ಎದ್ದು ಹೋಗಿರ್ತಿದ್ದಳಲ್ಲ ಬೀಗಿತ್ತೀ" ಎಂದರು ಬೀಗರು. "ಅವನು ಬಂದಿದ್ದೂ ಅವಳಿಗೆ ಗೊತ್ತಾಗಲಿಲ್ಲ."

ಆ ಎರಡು ತುತ್ತೂ ನಿಂತವು!

ಮಗಳಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಸಂಜೆ ಪಾಳಿ. ಮನೆಯ ಕಥೆ ಅವಳಿಗೆ ತಡವಾಗಿ ತಿಳಿಯಿತು. ರಜೆಯ ದಿನ ತಟ್ಟೆ ಹಿಡಿದು ಮಾವನೆದುರು ಕೂತು ಕೇಳಿದಾಗ ಅವರು ಎಲ್ಲ ಹೇಳಿದರು. ಮಗಳು ತಾಯಿಯ ಕಡೆ ತಿರುಗಿ, ಮಾವನಿಗೂ ಕೇಳುವಂತೆ ದನಿಯೇರಿಸಿದಳು.

"ಯಾವ ಕಿಟಕಿ ಅಮ್ಮಾ? ಯಾವ ಊಟ? ನೀನು ಗೊರಕೆ ಹೊಡೀತಿದ್ದೆ! ನಾನು ಕೆಲಸಕ್ಕೆ ಹೊರಡೋ ಮುಂಚೆ ಬಾಗಿಲಲ್ಲಿ ಬಟ್ಟೆ ಮಡಚ್ತಾ ನೋಡ್ತಿದ್ದೆ. ಅಲ್ಲಿ ಒಬ್ಬ ಡೊಳ್ಳುಹೊಟ್ಟೆ ಪೊಲೀಸು. ಅವನ ಬೆಲ್ಟು ಕಚ್ಕೊಂಡು ಒಂದು ಮೇಕೆ ಓಡುತ್ತೆ! ಇವನು ಒಂದು ಕೈಲಿ ಚಡ್ಡಿ ಹಿಡ್ಕೊಂಡು, ಇನ್ನೊಂದು ಕೈಲಿ ಸೀಟಿ ಊದ್ತಾ ಅದರ ಹಿಂದೆ! ಮೇಲೆ ಹೆಂಚಿನ ಮೇಲೆ ಕಾಗೆ ನೋಡ್ತಾ ಕೂತಿದೆ! ನಕ್ಕೂ ನಕ್ಕೂ ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಹಾಲು ಉಕ್ಕಿತು, ಒಳಗೆ ಓಡಿದೆ."

ನೆನೆಸಿಕೊಂಡು ಅವಳಿಗೆ ಮತ್ತೆ ನಗು ಬಂತು. ಮಾವನಿಗೆ ಊಟ ಬಿಡಿಸಿದ ವಿಷಯಕ್ಕೆ ನಗಬಾರದೆಂದು ಬೆನ್ನು ತಿರುಗಿಸಿ ನಿಂತಳು. ಭುಜ ಅಲ್ಲಾಡಿತು. ಕೈ ಕಣ್ಣಿಗೆ ಹೋಯಿತು.

ಬೀಗರು ಮುಖವನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿ, ಕಣ್ಣಂಚಿನಿಂದ ಆ ಬೆನ್ನನ್ನು ನೋಡಿದರು.

"ಹೀಗೇ" ಎಂದರು. "ಹೀಗೇ ಅಲ್ಲಾಡ್ತಿತ್ತು." ಆಮೇಲೆ, "ನಗ್ತಿದ್ದಳಾ!" ಎಂದರು.

ತಟ್ಟೆ ಎಳೆದುಕೊಂಡರು. ಎರಡು ಸಲ ಬಡಿಸಿಕೊಂಡರು. ಹೊಲಿಗೆಯಮ್ಮನ ಕಡೆಗೆ ಒಂದು ಬಿರುಸು ಮಾತೂ ಬರಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ಇನ್ನು ಕಣ್ಣಾರೆ ಕಾಣದ್ದನ್ನ ಒಂದಕ್ಷರವೂ ಹೇಳಲ್ಲ. ನನ್ನ ಸೂಜಿಯಾಣೆ!" ಎಂದು ಅವಳೇ ಮುಂದೆ ಬಂದು ಹೇಳಿದಳು.

"ಆಣೆ ಯಾಕೆ ಬೀಗಿತ್ತೀ," ಎಂದರು ಅವರು, "ನಿಮ್ಮ ಚಿತ್ರಗಳೂ ಚೆನ್ನಾಗೇ ಇರ್ತಿದ್ದವು."

ಚಳಿ ಬಂತು. ಬೀಗರ ಎದೆಯಲ್ಲಿ ಕಫ ಕಟ್ಟಿತು. ಮಗಳು ಮದ್ದು ಕೊಟ್ಟಳು, ಅಳಿಯ ಡಾಕ್ಟರನ್ನು ಕರೆತಂದ. ಡಾಕ್ಟರು ಹೊರಗೆ ಬಂದು ಮೆಲುದನಿಯಲ್ಲಿ ಮಾತಾಡಿದರು. ಹೊಲಿಗೆಯಮ್ಮ ಹಗಲೆಲ್ಲ ಮಂಚದ ಪಕ್ಕದಲ್ಲಿ ದಿಂಬಿನ ಚೀಲದ ಅಂಚು ಹೊಲಿಯುತ್ತಾ ಕೂತಳು. ನಿದ್ದೆ ಬರುತ್ತದೆಂದು ಕುರ್ಚಿಯ ಬೆನ್ನಿಗೆ ಒರಗಲೇ ಇಲ್ಲ.

ಒಂದು ಮಧ್ಯಾಹ್ನ ಬೀಗರು ಕಣ್ಣು ತೆರೆದರು. ಮೊದಲ ದಿನ ನೋಡಿದ ಹಾಗೇ ಅವಳ ತಲೆಯ ಪಕ್ಕಕ್ಕೆ, ಒಂದು ಗೇಣು ಮೇಲಕ್ಕೆ ನೋಡಿದರು. ಈಗ ಅವಳಿಗೆ ಗೊತ್ತಿತ್ತು, ಬಲೆಯಿಲ್ಲ. ಅವರು ನೋಡುತ್ತಿದ್ದುದು ಅವಳನ್ನೇ. ಅವರ ತುಟಿ ಅಲ್ಲಾಡಿತು. ಬಗ್ಗಿ ಕಿವಿಗೊಟ್ಟಳು. ಆಣೆ ಹಾಕಿದ ಸೂಜಿ ಕೈಯಲ್ಲೇ ಇತ್ತು.

"ಬೀಗಿತ್ತೀ," ಎಂದರು, "ಕೊನೆಗೆ ಆ ಮೇಕೆ ಸಿಕ್ತಾ?"