ಕುಷ್ಟಗಿಯಿಂದ ಎರಡಕ್ಷರ ಕಿತ್ತಾಗ

ಕುಷ್ಟಗಿಯ ಬಸ್ ನಿಲ್ದಾಣದ ಎದುರು ನನ್ನದೊಂದು ವಧು-ವರರ ಕೇಂದ್ರವಿದೆ. ಊರಿಗೆಲ್ಲ ಇಂಟರ್‌ನೆಟ್ ಹುಚ್ಚು ಹತ್ತಿದಾಗ ನಾನೂ ಒಂದು ವೆಬ್‌ಸೈಟ್ ಮಾಡಿಸಲು ಹೊರಟೆ. ವಿಳಾಸ ಚಿಕ್ಕದಿರಬೇಕು, ಒಮ್ಮೆ ಕೇಳಿದರೆ ನೆನಪಿನಲ್ಲಿ ಉಳಿಯಬೇಕು ಎಂಬುದು ನನ್ನ ಹಟ. ಆದರೆ ಮದುವೆ, ಜೋಡಿ, ಬಾಸಿಂಗ, ಅಕ್ಷತೆ, ಯಾವ ಹೆಸರು ಹುಡುಕಿದರೂ ಯಾರೋ ಆಗಲೇ ತೆಗೆದುಕೊಂಡಿದ್ದರು. ಅಕ್ಷತೆ ಏನು ಅವರಪ್ಪನ ಆಸ್ತಿಯೇ?

ಆ ಸಿಟ್ಟಿನಲ್ಲೇ ಉಪಾಯ ಹೊಳೆಯಿತು. ಇಂಗ್ಲಿಷಿನಲ್ಲಿ ಬರೆದ ಕುಷ್ಟಗಿಯ ನಡುವಿನಿಂದ ಎರಡೇ ಅಕ್ಷರ ಕಿತ್ತೆ. ಕುಷ್ಟಿ ಡಾಟ್ ಇನ್! ಸಿಕ್ಕೇಬಿಟ್ಟಿತು.

ಆ ವಿಳಾಸವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿ ಕೇಂದ್ರದ ಮುಂದೆ ಹಾಕಿದ ಹೊಸ ಬೋರ್ಡು ನೋಡಿ ಹೆಂಡತಿ ಶಾಂತವ್ವ, "ಇದನ್ನ ಮಂದಿ ಕುಸ್ತಿ ಅಂತ ಓದತಾರ್ರಿ" ಎಂದಳು. ಮಂದಿ ಅಷ್ಟು ದಡ್ಡರಲ್ಲ ಎಂದು ಗದರಿಸಿ, ಅದರ ಕೆಳಗೆ 'ಸರಿಸಮಾನ ಜೋಡಿ ಕೂಡಿಸಿಕೊಡಲಾಗುವುದು' ಎಂದೂ ಬರೆಸಿದೆ.

ವಾರದೊಳಗೆ ಹುಲಿಹೈದರದಿಂದ ಖಾಸಿಂಸಾಬ್ ಎಂಬ ಹಿರಿಯರ ಫೋನ್ ಬಂತು. ಹನುಮೇಶನೆಂಬ ತಮ್ಮೂರ ಹುಡುಗನಿಗೆ ಜೋಡಿ ಬೇಕಂತೆ. ಕೇಳುವ ಮೊದಲೇ ಅವನ ಎತ್ತರ, ತೂಕ, ಎದೆಯ ಸುತ್ತಳತೆ ಹೇಳಿದರು. ಮುಚ್ಚುಮರೆಯಿಲ್ಲದ ಜನ ಎನಿಸಿತು. ನಿಮ್ಮ ಬೇಡಿಕೆ ಏನು ಎಂದೆ. "ಏನೂ ಇಲ್ರಿ. ಜೋಡಿ ಗಟ್ಟಿ ಇರಬೇಕು, ಅಷ್ಟ" ಎಂದರು. ವರದಕ್ಷಿಣೆಯ ಸುದ್ದಿಯೇ ಇಲ್ಲ! ಕೂಡಲೇ ಯಲಬುರ್ಗಾ ಕಡೆಯ ಮಂಗಳೂರಿನ ಬಸಪ್ಪನವರಿಗೆ, ಮಗಳನ್ನು ಕರೆದುಕೊಂಡು ಬನ್ನಿ ಎಂದು ಹೇಳಿಕಳಿಸಿದೆ.

ಎರಡೂ ಕಡೆಯವರು ಬಂದರು. ಹನುಮೇಶ ಬಾಗಿಲಲ್ಲಿ ಮೈ ಅಡ್ಡ ತಿರುಗಿಸಿಕೊಂಡೇ ಒಳಗೆ ಬರಬೇಕಾಯಿತು. ಖಾಸಿಂಸಾಬರು ಕೋಣೆಯಲ್ಲೆಲ್ಲ ಕಣ್ಣಾಡಿಸಿ, "ಇವನ ಸಂಗಾಟ ಆಡೋ ಪೈಲ್ವಾನ ಎಲ್ಲದಾನ್ರಿ?" ಎಂದರು. ನಾನು ಗಾಬರಿಯಲ್ಲಿ ಬಸಪ್ಪನವರ ಮಗಳತ್ತ ಕೈ ತೋರಿಸಿಬಿಟ್ಟೆ.

ಬಸಪ್ಪನವರು ಎದ್ದು ನಿಂತರು. "ನನ್ನ ಮಗಳನ್ನ ಕೆಡವಾಕ ಕರಸೀರೇನು?"

ಖಾಸಿಂಸಾಬರು ಹೊರಗಿನ ಬೋರ್ಡಿನತ್ತ ಬೆರಳು ಮಾಡಿದರು. "ನಾ ಗರಡಿಮನಿ ಉಸ್ತಾದ್ ಅದೀನ್ರಿ. ಕುಸ್ತಿ ಅಂತ ಬರದು ಲಗ್ನ ಮಾಡಸ್ತೀರಿ?"

ಅದು ಕುಸ್ತಿಯಲ್ಲ, ಕುಷ್ಟಿ ಎಂದು ವಿವರಿಸಿದೆ. ಕುಷ್ಟಿ ಅಂದರೇನು ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಅದು ನನಗೂ ಗೊತ್ತಿರಲಿಲ್ಲ.

ಎಲ್ಲರೂ ಎದುರಿನ ಚಹಾದಂಗಡಿಗೆ ಹೋಗಿ ನನ್ನನ್ನು ಬೈಯುತ್ತ ಕೂತರು. ಬೈಯುತ್ತ ಬೈಯುತ್ತ ಅವರವರಲ್ಲಿ ಸಲಿಗೆ ಬೆಳೆಯಿತು. ಹುಡುಗಿ ಹನುಮೇಶನನ್ನು ನೋಡಿ ನಕ್ಕಳಂತೆ. ಮುಂದಿನ ತಿಂಗಳು ಲಗ್ನಪತ್ರಿಕೆಯೇ ಬಂತು. ನನ್ನ ಕೇಂದ್ರದ ಹಂಗಿಲ್ಲದೆ, ನನ್ನ ಕಣ್ಣೆದುರಿಗೇ, ಚಹಾದಂಗಡಿಯ ಬೆಂಚಿನ ಮೇಲೆ ಸಂಬಂಧ ಕುದುರಿತ್ತು! ಇದಕ್ಕಿಂತ ದೊಡ್ಡ ಅನ್ಯಾಯ ಇದೆಯೇ?

ಆದರೂ ಮದುವೆಗೆ ಹೋದೆ. ಉಸ್ತಾದರು ಬಂದವರಿಗೆಲ್ಲ ನನ್ನನ್ನು 'ಕುಸ್ತಿ ಮಾಸ್ತರ್ರು' ಎಂದು ಪರಿಚಯಿಸಿದರು. ಆ ಹೆಸರೇ ಊರಲ್ಲಿ ನಿಂತುಬಿಟ್ಟಿದೆ.

ನನ್ನ ತೂಕ ನಲವತ್ತೆಂಟು ಕೆ.ಜಿ.